ಸಣ್ಣ ನೆಲ, ದೊಡ್ಡ ಕಡಲು, ದೂರದ ಗೆಳೆಯ: ಪೆಸಿಫಿಕ್ ದ್ವೀಪರಾಷ್ಟ್ರಗಳೂ ಭಾರತವೂ

ಭೂಪಟ ನಿಮ್ಮ ಪರದೆಯಲ್ಲಿ ಕಾಣ್ತಾ ಉಂಟು ಅಂತ ಭಾವಿಸ್ತೇನೆ. ಸೊಲ್ಲಾಪುರ, ಹೊಸೂರು, ತಾಳವಾಡಿ, ಆದೋನಿ ಕಡೆಯಿಂದ ಸೇರಿಕೊಂಡ ಗೆಳೆಯರಿಗೂ ಅಧ್ಯಾಪಕರಿಗೂ ವಂದನೆ. ನಾನು ಮಾತಾಡ್ತಿರುವುದು ಕಾಸರಗೋಡಿನಿಂದ. ಈ ಗೋಷ್ಠಿಗಳಲ್ಲಿ ನಮ್ಮ ಮಾತು ಸಾಮಾನ್ಯವಾಗಿ ಗಡಿ, ಭಾಷೆ, ಶಾಲೆ ಇವುಗಳ ಸುತ್ತ ಇರ್ತದೆ. ಇವತ್ತು ಸ್ವಲ್ಪ ದೂರ ಹೋಗುವ. ದೆಹಲಿಯಿಂದ ಸುಮಾರು 12 ಸಾವಿರ ಕಿಲೋಮೀಟರ್ ದೂರ, ಫಿಜಿಯ ರಾಜಧಾನಿ ಸುವಾದವರೆಗೆ.

ನಾನು ಕೇಳಿಕೊಂಡ ಪ್ರಶ್ನೆ ಸರಳ. ಹತ್ತು ಹನ್ನೆರಡು ಸಾವಿರ ಜನ ಇರುವ ಒಂದು ದ್ವೀಪದೇಶಕ್ಕೂ 140 ಕೋಟಿ ಜನ ಇರುವ ಭಾರತಕ್ಕೂ ನಡುವೆ 'ಸಹಕಾರ' ಅಂದರೆ ಏನು? ಯಾರು ಯಾರಿಗೆ ಏನು ಕೊಡ್ತಾರೆ? ದೊಡ್ಡವರು ಹಣ ಕೊಡ್ತಾರೆ, ಸಣ್ಣವರು ಕೈಮುಗಿದು ತಗೊಳ್ತಾರೆ ಅಂತ ಮೇಲ್ನೋಟಕ್ಕೆ ಕಾಣ್ತದೆ. ಓದುತ್ತಾ ಹೋದ ಹಾಗೆ ಅದು ಅರ್ಧ ಸತ್ಯ ಮಾತ್ರ ಅಂತ ನನಗೆ ಮನವರಿಕೆ ಆಯ್ತು.

ಸಣ್ಣದು ಅಂದರೆ ಎಷ್ಟು ಸಣ್ಣದು?

ಮೊದಲು ಅಳತೆ ನೋಡಿಕೊಳ್ಳುವ. ನೌರು ದೇಶದ ನೆಲ 21 ಚದರ ಕಿಲೋಮೀಟರ್. ಟುವಾಲು ಒಂಬತ್ತು ದ್ವೀಪಗಳ ದೇಶ. ಎಲ್ಲ ಸೇರಿಸಿದರೆ 26 ಚದರ ಕಿಲೋಮೀಟರ್, ಜನ ಸುಮಾರು 11 ಸಾವಿರ. ಕಿರಿಬಾಟಿ ಅಂತ ನಾವು ಬರೆಯುವ ದೇಶವನ್ನು ಅಲ್ಲಿನವರು 'ಕಿರಿಬಾಸ್' ಅಂತ ಉಚ್ಚರಿಸ್ತಾರೆ. ಅದರ ನೆಲ 811 ಚದರ ಕಿಲೋಮೀಟರ್.

ಈಗ ಕಡಲನ್ನು ನೋಡಿ. ಕಡಲ ಕಾನೂನಿನ ಪ್ರಕಾರ ಕರಾವಳಿ ಇರುವ ಪ್ರತಿ ದೇಶಕ್ಕೂ ತೀರದಿಂದ 200 ನಾಟಿಕಲ್ ಮೈಲಿವರೆಗೆ ಮೀನು, ಖನಿಜ ಮುಂತಾದ ಸಂಪತ್ತಿನ ಮೇಲೆ ಹಕ್ಕು ಉಂಟು. ಇದನ್ನು ವಿಶೇಷ ಆರ್ಥಿಕ ವಲಯ ಅಂತ ಕರೀತಾರೆ. ಕಿರಿಬಾಟಿಯ ದ್ವೀಪಗಳು ಚದುರಿ ಬಿದ್ದಿರುವುದರಿಂದ ಅದರ ವಲಯ 34 ಲಕ್ಷ ಚದರ ಕಿಲೋಮೀಟರ್ ದಾಟ್ತದೆ. ಭಾರತದ ಇಡೀ ಭೂಭಾಗ ಸುಮಾರು 33 ಲಕ್ಷ ಚದರ ಕಿಲೋಮೀಟರ್. ಅಂದರೆ ಒಂದೂಕಾಲು ಲಕ್ಷದಷ್ಟು ಜನ ಇರುವ ಆ ದೇಶದ ಕೈಯಲ್ಲಿ ನಮ್ಮ ದೇಶದಷ್ಟು ವಿಸ್ತಾರದ ಕಡಲು ಉಂಟು. ಅದಕ್ಕೇ ಅಲ್ಲಿನ ನಾಯಕರಿಗೆ 'ಸಣ್ಣ ದ್ವೀಪರಾಷ್ಟ್ರ' ಅಂತ ಕರೆಸಿಕೊಳ್ಳುವುದಕ್ಕಿಂತ 'ದೊಡ್ಡ ಸಾಗರರಾಷ್ಟ್ರ' ಅಂತ ಕರೆಸಿಕೊಳ್ಳುವುದು ಇಷ್ಟ.

ಎರಡನೇ ಸಂಪತ್ತು ಮತ. ವಿಶ್ವಸಂಸ್ಥೆಯ ಸಾಮಾನ್ಯ ಸಭೆಯಲ್ಲಿ 193 ಸದಸ್ಯರು. ಟುವಾಲುವಿಗೂ ಒಂದು ಮತ, ಅಮೆರಿಕಕ್ಕೂ ಒಂದು ಮತ. ಭಾರತ ತನ್ನ ಪೆಸಿಫಿಕ್ ವೇದಿಕೆಗೆ ಕರೆಯುವ ದೇಶಗಳು 14. ಅವುಗಳಲ್ಲಿ ಕುಕ್ ದ್ವೀಪಗಳು ಮತ್ತು ನಿಯುಎ ವಿಶ್ವಸಂಸ್ಥೆಯ ಸದಸ್ಯರಲ್ಲ. ಉಳಿದ 12ಕ್ಕೆ ಮತ ಉಂಟು. ಈ 12 ಎಂಬ ಸಂಖ್ಯೆ ಮುಂದೆ ಮತ್ತೊಮ್ಮೆ ಬರ್ತದೆ.

ಈ ಎರಡು ಸಂಪತ್ತನ್ನು ಒಬ್ಬೊಬ್ಬರೇ ಇಟ್ಟುಕೊಂಡರೆ ಬೆಲೆ ಸಿಗುವುದಿಲ್ಲ ಅಂತ ಆ ದೇಶಗಳು ಬೇಗ ಕಲಿತವು. 1982ರಲ್ಲಿ ನೌರು ಒಪ್ಪಂದ ಆಯ್ತು. ಈಗ ಅದರಲ್ಲಿ ಎಂಟು ದೇಶಗಳು ಇವೆ. ತಮ್ಮ ಕಡಲಲ್ಲಿ ಟ್ಯೂನಾ ಹಿಡಿಯಲು ಬರುವ ದೂರದೇಶದ ಹಡಗುಗಳಿಗೆ ಇಂತಿಷ್ಟು ದಿನ ಅಂತ ಲೆಕ್ಕ ಹಾಕಿ, ದಿನಕ್ಕೆ ಕನಿಷ್ಠ ಇಷ್ಟು ಡಾಲರ್ ಅಂತ ಒಟ್ಟಾಗಿ ದರ ಗೊತ್ತುಮಾಡಿದರು. ಮೊದಲು ಒಂದೊಂದು ದೇಶದ ಜೊತೆ ಚೌಕಾಸಿ ಮಾಡ್ತಿದ್ದ ಕಂಪನಿಗಳು ಆಮೇಲೆ ಎಂಟು ದೇಶಗಳ ಒಂದೇ ದರಕ್ಕೆ ಬರಬೇಕಾಯ್ತು. ಇವರ ರಾಜತಾಂತ್ರಿಕತೆಯ ಮೂಲಪಾಠ ಇದು: ಸಣ್ಣವರು ಸೇರಿ ಕೂತರೆ ಮಾತ್ರ ದೊಡ್ಡವರು ಕುರ್ಚಿ ಎಳೆದು ಎದುರು ಕೂರ್ತಾರೆ.

ಹತ್ತಿರದವರು ಇರುವಾಗ ದೂರದವರು ಯಾಕೆ?

ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಹತ್ತಿರದಲ್ಲಿವೆ. ಅತಿ ಹೆಚ್ಚು ನೆರವು ಕೊಡುವುದೂ ಆಸ್ಟ್ರೇಲಿಯಾವೇ. ಆದರೂ ದ್ವೀಪದೇಶಗಳು ದೂರದ ಪಾಲುದಾರರನ್ನು ಹುಡುಕ್ತವೆ. ಕಾರಣ ತಿಳಿಯಲು ಎರಡು ಉದಾಹರಣೆ ಸಾಕು.

ಒಂದನೆಯದು ಟುವಾಲು. 2023ರ ನವೆಂಬರಿನಲ್ಲಿ ಆಸ್ಟ್ರೇಲಿಯಾ ಮತ್ತು ಟುವಾಲು 'ಫಲೆಪಿಲಿ ಒಕ್ಕೂಟ' ಎಂಬ ಒಪ್ಪಂದಕ್ಕೆ ಸಹಿ ಹಾಕಿದವು. 2024ರಲ್ಲಿ ಅದು ಜಾರಿಗೆ ಬಂತು. ಫಲೆಪಿಲಿ ಅಂದರೆ ಟುವಾಲು ಭಾಷೆಯಲ್ಲಿ ನೆರೆಹೊರೆಯ ಧರ್ಮ, ಪಕ್ಕದ ಮನೆಯವರನ್ನು ನೋಡಿಕೊಳ್ಳುವುದು. ಇದರ ಪ್ರಕಾರ ವರ್ಷಕ್ಕೆ 280 ಟುವಾಲು ಪ್ರಜೆಗಳು ಆಸ್ಟ್ರೇಲಿಯಾಕ್ಕೆ ಹೋಗಿ ನೆಲೆಸಬಹುದು. 2025ರಲ್ಲಿ ಮೊದಲ ಬಾರಿ ಚೀಟಿ ಎತ್ತುವಾಗ ದೇಶದ ಜನಸಂಖ್ಯೆಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಜನ ಹೆಸರು ಕೊಟ್ಟಿದ್ದರು. ಸಮುದ್ರ ಏರ್ತಾ ಇರುವ ದೇಶದಲ್ಲಿ ಇದು ಸಣ್ಣ ಸೌಲಭ್ಯ ಅಲ್ಲ. ಆದರೆ ಅದೇ ಒಪ್ಪಂದದಲ್ಲಿ ಇನ್ನೊಂದು ವಿಧಿ ಉಂಟು. ಟುವಾಲು ಬೇರೆ ಯಾವುದೇ ದೇಶದ ಜೊತೆ ರಕ್ಷಣೆ, ಭದ್ರತೆಗೆ ಸಂಬಂಧಿಸಿದ ಒಪ್ಪಂದ ಮಾಡಬೇಕಾದರೆ ಆಸ್ಟ್ರೇಲಿಯಾದ ಸಮ್ಮತಿ ಬೇಕು. ಹತ್ತಿರದವನ ಪ್ರೀತಿಗೆ ಹೀಗೊಂದು ಬೇಲಿ ಇರ್ತದೆ.

ಎರಡನೆಯದು ಟೊಂಗಾ. 2006ರ ಗಲಭೆಯಲ್ಲಿ ರಾಜಧಾನಿ ನುಕುವಲೋಫಾದ ವ್ಯಾಪಾರಕೇಂದ್ರ ಸುಟ್ಟುಹೋಯ್ತು. ಮತ್ತೆ ಕಟ್ಟಲು ಚೀನಾದ ಎಕ್ಸಿಮ್ ಬ್ಯಾಂಕಿನಿಂದ ಸಾಲ ತಂದರು. ಕಟ್ಟಡ ಎದ್ದಿತು, ಸಾಲವೂ ನಿಂತಿತು. ಆ ದೇಶದ ಹೊರಸಾಲದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಬಹುಕಾಲ ಇದೊಂದೇ ಆಗಿತ್ತು. ಜೊತೆಗೆ ಚೀನಾ ಮತ್ತು ತೈವಾನ್ ನಡುವಿನ ಮಾನ್ಯತೆಯ ಪೈಪೋಟಿ ಬೇರೆ. 2019ರಲ್ಲಿ ಸಾಲೊಮನ್ ದ್ವೀಪಗಳು ಮತ್ತು ಕಿರಿಬಾಟಿ, 2024ರ ಜನವರಿಯಲ್ಲಿ ನೌರು, ತೈವಾನನ್ನು ಬಿಟ್ಟು ಬೀಜಿಂಗ್ ಕಡೆ ಹೋದವು. ಪೆಸಿಫಿಕ್‌ನಲ್ಲಿ ತೈವಾನ್ ಜೊತೆ ಉಳಿದದ್ದು ಪಲಾವು, ಮಾರ್ಷಲ್ ದ್ವೀಪಗಳು, ಟುವಾಲು.

ಈ ಜಗ್ಗಾಟದಲ್ಲಿ ಭಾರತದಂಥ ದೇಶಕ್ಕೆ ಒಂದು ಅನುಕೂಲ. ಭಾರತ ಅಲ್ಲಿ ಯಾವ ನೆಲೆಯನ್ನೂ ಕೇಳಿಲ್ಲ. ಅಲ್ಲಿಯ ಯಾವ ದೇಶವನ್ನೂ ಆಳಿಲ್ಲ. ಬ್ರಿಟಿಷರ ಕೈಕೆಳಗೆ ಇದ್ದದ್ದು ಭಾರತ, ಫಿಜಿ ಎರಡೂ. ದೂರ ಇರುವುದರಿಂದ ಹೆದರಿಕೆ ಕಡಿಮೆ. ಆದರೆ ದೂರಕ್ಕೆ ಇನ್ನೊಂದು ಮುಖವೂ ಉಂಟು. ಅದನ್ನು ಫಿಜಿಯ ಕಥೆಯಲ್ಲಿ ನೋಡಬಹುದು.

ಮೇ 14: ಒಂದೇ ತಾರೀಖು, ಮೂರು ಘಟನೆ

1879ರ ಮೇ 14ರಂದು 'ಲಿಯೋನಿಡಾಸ್' ಎಂಬ ಹಡಗು ಕಲ್ಕತ್ತೆಯಿಂದ ಕೂಲಿಯಾಳುಗಳನ್ನು ಹೊತ್ತು ಫಿಜಿಗೆ ಬಂತು. 1916ರವರೆಗೆ ಹೀಗೆ 60 ಸಾವಿರಕ್ಕಿಂತ ಹೆಚ್ಚು ಜನ ಅಲ್ಲಿಯ ಕಬ್ಬಿನ ಗದ್ದೆಗಳಿಗೆ ಹೋದರು. ಐದು ವರ್ಷದ ಕರಾರು. 'ಅಗ್ರಿಮೆಂಟ್' ಎಂಬ ಮಾತು ಅವರ ಬಾಯಲ್ಲಿ 'ಗಿರ್ಮಿಟ್' ಆಯ್ತು, ಹೋದವರು 'ಗಿರ್ಮಿಟಿಯಾ' ಆದರು. 1903ರಿಂದ ಮದರಾಸು ಬಂದರಿನಿಂದಲೂ ಹಡಗು ಹೊರಟವು.

1970ರಲ್ಲಿ ಫಿಜಿ ಸ್ವತಂತ್ರವಾಯ್ತು. ಆ ಹೊತ್ತಿಗೆ ಭಾರತೀಯ ಮೂಲದವರು ಅಲ್ಲಿಯ ಜನಸಂಖ್ಯೆಯ ಸುಮಾರು ಅರ್ಧದಷ್ಟು. 1987ರ ಏಪ್ರಿಲಿನಲ್ಲಿ ಅವರ ಬೆಂಬಲ ಹೆಚ್ಚಾಗಿದ್ದ ಸರ್ಕಾರ ಅಧಿಕಾರಕ್ಕೆ ಬಂತು. ಒಂದು ತಿಂಗಳೊಳಗೆ, ಮೇ 14ರಂದೇ, ಲೆಫ್ಟಿನೆಂಟ್ ಕರ್ನಲ್ ಸಿತಿವೇನಿ ರಬುಕಾ ಸಂಸತ್ತಿಗೆ ಸೈನಿಕರನ್ನು ನುಗ್ಗಿಸಿ ಸರ್ಕಾರವನ್ನು ಕಿತ್ತುಹಾಕಿದರು. ಲಿಯೋನಿಡಾಸ್ ಬಂದ ದಿನಕ್ಕೆ ಸರಿಯಾಗಿ 108 ವರ್ಷ.

ಭಾರತ ತೀವ್ರವಾಗಿ ಪ್ರತಿಭಟಿಸಿತು, ವ್ಯಾಪಾರ ನಿಲ್ಲಿಸಿತು, ಕಾಮನ್‌ವೆಲ್ತ್‌ನಲ್ಲಿ ವಿಷಯ ಎತ್ತಿತು. ಫಿಜಿ ಸಿಟ್ಟಾಯ್ತು. 1990ರಲ್ಲಿ ಸುವಾದ ಭಾರತೀಯ ಕಚೇರಿಯ ಬಾಗಿಲು ಮುಚ್ಚಿತು, ಮತ್ತೆ ತೆರೆದದ್ದು 1999ರಲ್ಲಿ. ಯಾರ ಹಕ್ಕಿಗಾಗಿ ದೆಹಲಿ ದನಿ ಎತ್ತಿತೋ ಆ ಜನರ ಊರಿನಲ್ಲಿಯೇ ಒಂಬತ್ತು ವರ್ಷ ಭಾರತದ ಒಬ್ಬ ಅಧಿಕಾರಿಯೂ ಇರಲಿಲ್ಲ. ಆ ದಶಕದಲ್ಲಿ ಸಾವಿರಾರು ಕುಟುಂಬಗಳು ಫಿಜಿ ಬಿಟ್ಟು ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಕೆನಡಾಕ್ಕೆ ಹೋದವು. ಈಗ ಅವರ ಪಾಲು ಸುಮಾರು ಮೂರರಲ್ಲಿ ಒಂದು. ದೂರದಿಂದ ಕೂಗಿದ ದನಿ ಎಷ್ಟೇ ನ್ಯಾಯದ್ದಾದರೂ, ಅಲ್ಲಿ ಕಾಲೂರಿ ನಿಂತವರಿಲ್ಲದಿದ್ದರೆ ಅದರ ಬಲ ಕಡಿಮೆ. ಇದು ನಾನು ಈ ಕಥೆಯಿಂದ ತಗೊಂಡ ಮೊದಲ ಪಾಠ.

ಮೂರನೇ ಘಟನೆ 2023ರ ಮೇ 14ರದ್ದು. ಅದೇ ರಬುಕಾ, ಚುನಾವಣೆಯ ಮೂಲಕ ಪ್ರಧಾನಿಯಾಗಿ ಮರಳಿದ್ದರು. ಸುವಾದ ಸಾರ್ವಜನಿಕ ಸಮಾಧಾನ ಸಭೆಯಲ್ಲಿ 1987ರ ಕೃತ್ಯಕ್ಕಾಗಿ ಭಾರತೀಯ ಮೂಲದವರ ಕ್ಷಮೆ ಕೇಳಿದರು. ಗಿರ್ಮಿಟ್ ದಿನಕ್ಕೆ ಸರ್ಕಾರಿ ರಜೆ ಶುರುವಾದದ್ದೂ ಆ ವರ್ಷವೇ. ಎಂಟು ದಿನ ಕಳೆದು ಪಪುವಾ ನ್ಯೂಗಿನಿಯ ಪೋರ್ಟ್ ಮೋರ್ಸ್‌ಬಿಯಲ್ಲಿ ಅವರೇ ಭಾರತದ ಪ್ರಧಾನಿಗೆ ಫಿಜಿಯ ಅತ್ಯುನ್ನತ ಗೌರವ ಪ್ರದಾನ ಮಾಡಿದರು. ಈ ಸಂಬಂಧ ಸರಿಯಾಗಲು ಮೂವತ್ತಾರು ವರ್ಷ ಹಿಡಿಯಿತು ಅಂತ ಹೇಳಬಹುದು.

ವೇದಿಕೆ, ಹಣ, ಮತ್ತು ಕೊಟ್ಟು ತಗೊಳ್ಳುವ ಲೆಕ್ಕ

ಈಗ ಸಹಕಾರದ ಯಂತ್ರ ಹೇಗೆ ನಡೀತದೆ ಅಂತ ನೋಡುವ. 2002ರಿಂದ ಭಾರತ ಪೆಸಿಫಿಕ್ ದ್ವೀಪಗಳ ವೇದಿಕೆಯ ಸಂವಾದ ಪಾಲುದಾರ. 2014ರ ನವೆಂಬರ್ 19ರಂದು ಸುವಾದಲ್ಲಿ ಭಾರತ–ಪೆಸಿಫಿಕ್ ದ್ವೀಪಗಳ ಸಹಕಾರ ವೇದಿಕೆ ಶುರುವಾಯ್ತು. ಇಂದಿರಾ ಗಾಂಧಿಯವರು 1981ರಲ್ಲಿ ಹೋದ ಮೇಲೆ ಭಾರತದ ಪ್ರಧಾನಿಯೊಬ್ಬರು ಫಿಜಿಗೆ ಹೋದದ್ದು ಆಗಲೇ. ಪ್ರತಿ ದೇಶಕ್ಕೆ ವರ್ಷಕ್ಕೆ ಕೊಡುತ್ತಿದ್ದ ಅನುದಾನವನ್ನು 1.25 ಲಕ್ಷ ಡಾಲರಿನಿಂದ 2 ಲಕ್ಷಕ್ಕೆ ಏರಿಸಿದರು. 14 ದೇಶಗಳ ಪ್ರಜೆಗಳಿಗೆ ಭಾರತಕ್ಕೆ ಬಂದಿಳಿದಾಗಲೇ ವೀಸಾ ಕೊಡುವುದಾಗಿ ಹೇಳಿದರು. ಎರಡನೇ ಸಭೆ 2015ರ ಆಗಸ್ಟಿನಲ್ಲಿ ಜೈಪುರದಲ್ಲಿ. ಮೂರನೆಯದು 2023ರ ಮೇ 22ರಂದು ಪೋರ್ಟ್ ಮೋರ್ಸ್‌ಬಿಯಲ್ಲಿ. ನಡುವೆ ಎಂಟು ವರ್ಷ ಅಂತರ. ಅದರಲ್ಲಿ ಕೋವಿಡ್ ಕಾಲ ಇತ್ತು, ಒಪ್ಪುವ. ಆದರೂ ಎಂಟು ವರ್ಷ ಎಂಟು ವರ್ಷವೇ.

2019ರಲ್ಲಿ ನ್ಯೂಯಾರ್ಕಿನಲ್ಲಿ ಸಾಮಾನ್ಯ ಸಭೆಯ ಹೊತ್ತಿಗೆ ಭಾರತ 1.2 ಕೋಟಿ ಡಾಲರ್ ಅನುದಾನ ಪ್ರಕಟಿಸಿತು, ದೇಶಕ್ಕೆ ಹತ್ತು ಲಕ್ಷದಂತೆ. ಮೊದಲು ಹೇಳಿದ 12 ಇಲ್ಲಿ ಮತ್ತೆ ಬಂತು ನೋಡಿ. ಜೊತೆಗೆ ಸೌರಶಕ್ತಿ ಮುಂತಾದ ಕೆಲಸಗಳಿಗೆ 15 ಕೋಟಿ ಡಾಲರಿನ ರಿಯಾಯಿತಿ ಸಾಲದ ಅವಕಾಶ.

ಹಾಗಾದರೆ ಇದು ಮತ ಖರೀದಿಯಾ? ಅಷ್ಟು ಸುಲಭವಾಗಿ ಹೇಳಲಿಕ್ಕೆ ಆಗುವುದಿಲ್ಲ. ಭದ್ರತಾ ಮಂಡಳಿಯ ಚುನಾವಣೆ ಗುಪ್ತ ಮತದಾನ. 1996ರಲ್ಲಿ ಜಪಾನ್ ಎದುರು ಭಾರತ 142ಕ್ಕೆ 40ರಿಂದ ಸೋತಿತ್ತು. 2020ರಲ್ಲಿ 192ರಲ್ಲಿ 184 ಮತ ಪಡೆದು ಗೆದ್ದಿತು. ಆದರೆ ಎರಡನೇ ಸಲ ಎದುರಾಳಿಯೇ ಇರಲಿಲ್ಲ. ಯಾವ ಮತಕ್ಕೆ ಯಾವ ಅನುದಾನ ಕಾರಣ ಅಂತ ಗೆರೆ ಎಳೆದು ತೋರಿಸುವ ಹಾಗಿಲ್ಲ.

ಸಣ್ಣ ದೇಶಗಳು ಭಾರತಕ್ಕೆ ಬಹಿರಂಗವಾಗಿ ಕೊಟ್ಟದ್ದಕ್ಕೆ ಗಟ್ಟಿ ಉದಾಹರಣೆ ಬೇರೆ ಉಂಟು. 2015ರಲ್ಲಿ ಪ್ಯಾರಿಸಿನಲ್ಲಿ ಭಾರತ ಮತ್ತು ಫ್ರಾನ್ಸ್ ಅಂತರರಾಷ್ಟ್ರೀಯ ಸೌರ ಒಕ್ಕೂಟವನ್ನು ಘೋಷಿಸಿದವು. ಅದು ಕಾನೂನುಬದ್ಧ ಸಂಸ್ಥೆ ಆಗಬೇಕಾದರೆ 15 ದೇಶಗಳು ಅನುಮೋದಿಸಬೇಕಿತ್ತು. ಮೊದಲ ಸಾಲಿನಲ್ಲಿ ಅನುಮೋದಿಸಿದವರಲ್ಲಿ ಫಿಜಿ ಮತ್ತು ನೌರು ಇದ್ದವು. 2017ರ ಡಿಸೆಂಬರಿನಲ್ಲಿ ಒಕ್ಕೂಟಕ್ಕೆ ಜೀವ ಬಂತು. ಗುರುಗ್ರಾಮದಲ್ಲಿ ಕೇಂದ್ರ ಇರುವ ಆ ಸಂಸ್ಥೆಯ ಬುನಾದಿಯಲ್ಲಿ 21 ಚದರ ಕಿಲೋಮೀಟರಿನ ದೇಶದ ಒಂದು ಕಲ್ಲೂ ಉಂಟು. ಇದನ್ನು ದಾನ ಅಂತ ಕರೆದರೆ ಯಾರು ದಾನಿ?

ಉಳಿಯುವುದು ಯಾವುದು?

ನೆರವಿನ ಕೆಲಸದಲ್ಲಿ ಉದ್ಘಾಟನೆ ಸುಲಭ, ರಿಪೇರಿ ಕಷ್ಟ. ದ್ವೀಪದಲ್ಲಿ ಇದು ಇನ್ನೂ ನಿಜ. ಉಪ್ಪುಗಾಳಿಗೆ ತಂತಿ ಬೇಗ ತುಕ್ಕು ಹಿಡೀತದೆ. ಒಂದು ಬಿಡಿಭಾಗ ಬರಬೇಕಾದರೆ ತಿಂಗಳಿಗೊಮ್ಮೆಯೋ ಎರಡು ತಿಂಗಳಿಗೊಮ್ಮೆಯೋ ಬರುವ ಹಡಗಿಗೆ ಕಾಯಬೇಕು. ಕೊಟ್ಟ ದೇಶದ ಕಚೇರಿ ಇರುವುದು ಮತ್ತೊಂದು ದೇಶದಲ್ಲಿ. ಪೋರ್ಟ್ ಮೋರ್ಸ್‌ಬಿ ಸಭೆ ನಡೆದಾಗ 14 ದೇಶಗಳ ಪೈಕಿ ಭಾರತದ ರಾಯಭಾರ ಕಚೇರಿ ಇದ್ದದ್ದು ಸುವಾ ಮತ್ತು ಪೋರ್ಟ್ ಮೋರ್ಸ್‌ಬಿಯಲ್ಲಿ ಮಾತ್ರ. ಮೈಕ್ರೊನೇಷ್ಯಾ, ಪಲಾವು ಈ ಎರಡನ್ನು ನೋಡಿಕೊಳ್ಳುವುದು ಫಿಲಿಪ್ಪೀನ್ಸ್‌ನ ಮನಿಲಾದಿಂದ.

ಅದಕ್ಕೇ ನನಗೆ ಎರಡು ಸಣ್ಣ ಕೆಲಸಗಳು ಮುಖ್ಯ ಅಂತ ಕಂಡವು. ಒಂದು, ರಾಜಸ್ಥಾನದ ತಿಲೋನಿಯಾದ ಬೇರ್‌ಫೂಟ್ ಕಾಲೇಜಿನದ್ದು. ಓದುಬರಹ ಇಲ್ಲದ ಅಥವಾ ಕಡಿಮೆ ಇರುವ ಹಳ್ಳಿಯ ಹೆಂಗಸರು, ಅನೇಕರು ಅಜ್ಜಿಯಂದಿರು, ಆರು ತಿಂಗಳು ಅಲ್ಲಿದ್ದು ಸೌರದೀಪ ಜೋಡಿಸುವುದನ್ನು, ಕೆಟ್ಟರೆ ಸರಿಮಾಡುವುದನ್ನು ಕಲೀತಾರೆ. ಕಲಿಸುವವರಿಗೂ ಕಲಿಯುವವರಿಗೂ ಸಮಾನ ಭಾಷೆ ಇಲ್ಲ. ಬಣ್ಣದ ಗುರುತು, ಕೈಸನ್ನೆ, ಮಾಡಿ ನೋಡುವುದು ಇಷ್ಟೇ. ಭಾರತ ಸರ್ಕಾರದ ಖರ್ಚಿನಲ್ಲಿ ಪೆಸಿಫಿಕ್‌ನ ಹೆಂಗಸರೂ ಬಂದು ಕಲಿತು ಹೋಗಿದ್ದಾರೆ. ಗಂಡಸರನ್ನು ಕಲಿಸಿದರೆ ಪ್ರಮಾಣಪತ್ರ ಹಿಡಿದು ಪಟ್ಟಣಕ್ಕೆ ಹೋಗ್ತಾರೆ, ಅಜ್ಜಿ ಊರಲ್ಲೇ ಇರ್ತಾಳೆ ಎಂಬುದು ಆ ಕಾಲೇಜಿನ ತರ್ಕ. ಇಲ್ಲಿ ದ್ವೀಪಕ್ಕೆ ಹೋದದ್ದು ದೀಪ ಮಾತ್ರ ಅಲ್ಲ, ರಿಪೇರಿಯ ವಿದ್ಯೆ.

ಇನ್ನೊಂದು, ಭಾರತ–ವಿಶ್ವಸಂಸ್ಥೆ ಅಭಿವೃದ್ಧಿ ಪಾಲುದಾರಿಕೆ ನಿಧಿ. 2017ರ ಜೂನಿನಲ್ಲಿ ಶುರುವಾದ ಈ ನಿಧಿಯ ಮೊದಲ ಯೋಜನೆಯೇ ಪೆಸಿಫಿಕ್‌ನ ಏಳು ದೇಶಗಳಲ್ಲಿ ಹವಾಮಾನ ಮುನ್ನೆಚ್ಚರಿಕೆ ವ್ಯವಸ್ಥೆ. ಭಾರತಕ್ಕೆ ಅಲ್ಲಿ ಕಚೇರಿ ಇಲ್ಲದ ಕಡೆ ವಿಶ್ವಸಂಸ್ಥೆಯ ಸಿಬ್ಬಂದಿ ಇದ್ದಾರೆ. ಹಣ ನಮ್ಮದು, ಕೈಕಾಲು ಅವರದು, ಬೇಡಿಕೆ ಆ ದೇಶದ್ದು. ದೂರದ ಸಮಸ್ಯೆಗೆ ಇದು ಬುದ್ಧಿವಂತ ಪರಿಹಾರ ಅಂತ ನನ್ನ ಅಭಿಪ್ರಾಯ.

ವಿಫಲತೆಯನ್ನೂ ಹೇಳಬೇಕು. 2021ರ ಮಾರ್ಚಿನಲ್ಲಿ ಭಾರತ ಫಿಜಿಗೆ ಒಂದು ಲಕ್ಷ ಡೋಸ್ ಕೋವಿಡ್ ಲಸಿಕೆ ಕಳಿಸಿತು. ಏಪ್ರಿಲಿನಲ್ಲಿ ನಮ್ಮಲ್ಲಿ ಎರಡನೇ ಅಲೆ ಬಂತು, ರಫ್ತು ನಿಂತಿತು. ಅದೇ ಹೊತ್ತಿಗೆ ಫಿಜಿಯಲ್ಲಿ ಸೋಂಕು ಏರಿತು. ಆಮೇಲಿನ ಲಸಿಕೆ ಬಹುಪಾಲು ಬಂದದ್ದು ಆಸ್ಟ್ರೇಲಿಯಾದಿಂದ. ಭಾರತವನ್ನು ದೂರುವಂತಿಲ್ಲ, ಮನೆಗೇ ಬೆಂಕಿ ಬಿದ್ದಿತ್ತು. ಆದರೆ ದ್ವೀಪದವರು ಹತ್ತಿರದವರನ್ನು ಪೂರ್ತಿ ಬಿಟ್ಟುಕೊಡದೆ ಇರುವುದು ಯಾಕೆ ಅಂತ ಇದರಿಂದ ತಿಳೀತದೆ.

ಗೆಳೆಯರ ನಡುವಿನ ಕಲ್ಲಿದ್ದಲು

ಈಗ ಕಷ್ಟದ ಮಾತು. 2018ರ ಬೋಯಿ ಘೋಷಣೆಯಲ್ಲಿ ಪೆಸಿಫಿಕ್ ನಾಯಕರು ಹವಾಮಾನ ಬದಲಾವಣೆಯೇ ತಮ್ಮ ಜನರ ಬದುಕಿಗೆ ಇರುವ ಅತಿದೊಡ್ಡ ಬೆದರಿಕೆ ಅಂತ ಬರೆದರು. 2021ರ ನವೆಂಬರಿನಲ್ಲಿ ಗ್ಲಾಸ್ಗೋ ಸಮ್ಮೇಳನದ ಕೊನೆಯ ಗಳಿಗೆಯಲ್ಲಿ, ಕಲ್ಲಿದ್ದಲು ವಿದ್ಯುತ್ತನ್ನು ಹಂತಹಂತವಾಗಿ 'ನಿಲ್ಲಿಸುವುದು' ಎಂಬ ಮಾತನ್ನು 'ಕಡಿಮೆ ಮಾಡುವುದು' ಅಂತ ಬದಲಿಸಬೇಕು ಎಂದು ಭಾರತ ಒತ್ತಾಯಿಸಿತು. ಬದಲಾಯ್ತು. ಫಿಜಿ, ಮಾರ್ಷಲ್ ದ್ವೀಪಗಳ ಪ್ರತಿನಿಧಿಗಳು ಸಭೆಯಲ್ಲೇ ಬೇಸರ ಹೇಳಿಕೊಂಡರು. ಅದೇ ಗ್ಲಾಸ್ಗೋದಲ್ಲಿ, ಅದೇ ತಿಂಗಳು, ದ್ವೀಪದೇಶಗಳ ಮೂಲಸೌಕರ್ಯ ಬಲಪಡಿಸುವ ಹೊಸ ಯೋಜನೆಯನ್ನು ಭಾರತ ಫಿಜಿಯ ಜೊತೆ ಸೇರಿ ಉದ್ಘಾಟಿಸಿತ್ತು.

ಭಾರತದ ವಾದದಲ್ಲಿ ಹುರುಳಿಲ್ಲ ಅಂತ ಅಲ್ಲ. ನಮ್ಮ ತಲಾ ಹೊರಸೂಸುವಿಕೆ ಜಗತ್ತಿನ ಸರಾಸರಿಯ ಅರ್ಧಕ್ಕಿಂತ ಕಡಿಮೆ. ನೂರಾರು ವರ್ಷ ಹೊಗೆ ಬಿಟ್ಟವರು ಬೇರೆಯವರು. ಆದರೆ ಅಲೆ ಮನೆಯೊಳಗೆ ಬಂದವನಿಗೆ ಸರಾಸರಿಯ ಲೆಕ್ಕ ಸಮಾಧಾನ ಕೊಡುವುದಿಲ್ಲ.

ಈ ಭಾಗದಲ್ಲಿ ವಿದ್ಯಾರ್ಥಿಗಳಿಗೆ ಒಂದು ಸುದ್ದಿ ಉಂಟು. 2019ರಲ್ಲಿ ದಕ್ಷಿಣ ಪೆಸಿಫಿಕ್ ವಿಶ್ವವಿದ್ಯಾಲಯದ 27 ಕಾನೂನು ವಿದ್ಯಾರ್ಥಿಗಳು, ಹವಾಮಾನದ ವಿಷಯದಲ್ಲಿ ದೇಶಗಳ ಕರ್ತವ್ಯ ಏನು ಅಂತ ಅಂತರರಾಷ್ಟ್ರೀಯ ನ್ಯಾಯಾಲಯವನ್ನೇ ಕೇಳಬೇಕು ಎಂಬ ಆಲೋಚನೆ ಮುಂದಿಟ್ಟರು. ವನುವಾಟು ಸರ್ಕಾರ ಅದನ್ನು ಕೈಗೆತ್ತಿಕೊಂಡಿತು. 2023ರ ಮಾರ್ಚ್ 29ರಂದು ಸಾಮಾನ್ಯ ಸಭೆ ಆ ಪ್ರಶ್ನೆಯನ್ನು ಒಮ್ಮತದಿಂದ ಹೇಗ್ ನ್ಯಾಯಾಲಯಕ್ಕೆ ಕಳಿಸಿತು. 2024ರ ಡಿಸೆಂಬರಿನ ವಿಚಾರಣೆಯಲ್ಲಿ ಭಾರತ, ಈಗಿರುವ ಹವಾಮಾನ ಒಪ್ಪಂದಗಳ ಆಚೆ ಹೊಸ ಬಾಧ್ಯತೆ ಹೇರಬಾರದು ಅಂತ ವಾದಿಸಿತು. 2025ರ ಜುಲೈ 23ರಂದು ಬಂದ ಅಭಿಪ್ರಾಯ ವನುವಾಟುವಿನ ವಾದಕ್ಕೇ ಹತ್ತಿರ ಇತ್ತು: ಒಪ್ಪಂದಗಳ ಹೊರಗೂ ದೇಶಗಳಿಗೆ ಕರ್ತವ್ಯ ಉಂಟು. ಮುನ್ನೆಚ್ಚರಿಕೆಯ ಉಪಕರಣ ಕೊಡುವಾಗ ಗೆಳೆಯ, ನ್ಯಾಯಾಲಯದಲ್ಲಿ ಎದುರು ಬೆಂಚು. ಎರಡೂ ನಿಜ. ಸಂಶೋಧನೆ ಮಾಡುವ ನಾವು ಒಂದನ್ನು ಮಾತ್ರ ಬರೆದರೆ ಅರ್ಧ ಬರೆದ ಹಾಗೆ.

ಮುಳುಗಿದರೂ ದೇಶವೇ?

ಅದೇ ಅಭಿಪ್ರಾಯದಲ್ಲಿ ಇನ್ನೊಂದು ಮಾತು ಉಂಟು. ಒಮ್ಮೆ ದೇಶವಾಗಿ ನಿಂತ ಮೇಲೆ, ಅದರ ಒಂದು ಅಂಶ, ಉದಾಹರಣೆಗೆ ನೆಲ, ಇಲ್ಲವಾದರೂ ದೇಶತ್ವ ತಾನಾಗಿ ಹೋಗಲೇಬೇಕು ಅಂತ ಇಲ್ಲ. ಟುವಾಲು 2023ರಲ್ಲೇ ತನ್ನ ಸಂವಿಧಾನಕ್ಕೆ, ನೆಲ ಹೋದರೂ ರಾಷ್ಟ್ರ ಇರ್ತದೆ ಎಂಬ ಅರ್ಥದ ಮಾತು ಸೇರಿಸಿತು. ಫಲೆಪಿಲಿ ಒಪ್ಪಂದದಲ್ಲಿ ಆಸ್ಟ್ರೇಲಿಯಾವೂ ಅದನ್ನು ಒಪ್ಪಿದೆ. ಅದೇ ವರ್ಷ ನವೆಂಬರಿನಲ್ಲಿ ಪೆಸಿಫಿಕ್ ವೇದಿಕೆಯ ನಾಯಕರೂ ಹೀಗೇ ಘೋಷಿಸಿದರು.

ನನ್ನ ವಾದ ಇಲ್ಲಿ ಬಂದು ನಿಲ್ತದೆ. ಟುವಾಲುವಿನಂಥ ದೇಶಕ್ಕೆ ದೂರದ ಗೆಳೆಯನಿಂದ ಬೇಕಾದದ್ದು ಆಸ್ಪತ್ರೆ, ದೀಪ, ವಿದ್ಯಾರ್ಥಿವೇತನ ಎಲ್ಲವೂ ಹೌದು. ಆದರೆ ಅವನ ಕೈಯಲ್ಲಿ ಇರುವ ಅತಿ ದೊಡ್ಡ ಕೊಡುಗೆ ಮಾನ್ಯತೆ: ನಿಮ್ಮ ನೆಲ ನೀರಿನ ಕೆಳಗೆ ಹೋದರೂ ನಿಮ್ಮ ಕುರ್ಚಿ, ನಿಮ್ಮ ಮತ, ನಿಮ್ಮ ಕಡಲು ನಿಮ್ಮದೇ ಅಂತ ಸ್ಪಷ್ಟವಾಗಿ, ಬರಹದಲ್ಲಿ ಹೇಳುವುದು. ಅದಕ್ಕೆ ಖರ್ಚಿಲ್ಲ, ರಿಪೇರಿಯೂ ಬೇಡ. 140 ಕೋಟಿ ಜನರ ದೇಶ ಹೇಳಿದರೆ ಅದಕ್ಕೆ ತೂಕ ಬೇರೆ.

1956ರ ನವೆಂಬರ್ 1ರಂದು ಗೆರೆ ಬದಲಾದಾಗ ಇಲ್ಲಿಯೇ ಇದ್ದ ಮನೆಗಳು ಬೇರೆ ರಾಜ್ಯಕ್ಕೆ ಸೇರಿದವು. ನಮ್ಮ ಸ್ಥಿತಿಯನ್ನು ಟುವಾಲುವಿಗೆ ಹೋಲಿಸುವುದು ಅತಿಯಾಯ್ತು. ನಮ್ಮ ನೆಲ ಎಲ್ಲಿಯೂ ಹೋಗಿಲ್ಲ. ಆದರೆ ನಕ್ಷೆಯಲ್ಲಿ ಹೆಸರು ಉಳಿಯುವುದು ಎಂದರೆ ಏನು ಅಂತ ಈ ಪರದೆಯಲ್ಲಿ ಇರುವವರಿಗೆ ವಿವರಿಸಬೇಕಾಗಿಲ್ಲ.

ಚರ್ಚೆಯಿಂದ

ಪ್ರಶ್ನೆ: ಸರ್, ಚೀನಾ ಅಲ್ಲಿಗೆ ಹೋಗದಿದ್ದರೆ ಭಾರತ ಹೋಗ್ತಿತ್ತಾ?

ಒಳ್ಳೆ ಪ್ರಶ್ನೆ. ಈ ವೇಗದಲ್ಲಿ ಹೋಗ್ತಿರಲಿಲ್ಲ ಅಂತ ನನಗೆ ಅನಿಸ್ತದೆ. ಆದರೆ ಪ್ರಶ್ನೆಯನ್ನು ದ್ವೀಪದ ಕಡೆಯಿಂದಲೂ ಕೇಳಿ ನೋಡಿ. ಚೀನಾ, ಅಮೆರಿಕ, ಆಸ್ಟ್ರೇಲಿಯಾ, ಭಾರತ ಎಲ್ಲರೂ ಬಾಗಿಲು ತಟ್ಟುವಾಗ ಅವರಿಗೆ ಆರಿಸುವ ಅವಕಾಶ ಸಿಗ್ತದೆ. ಒಬ್ಬನೇ ಗಿರಾಕಿ ಇದ್ದರೆ ಅಡಿಕೆಗೆ ಎಷ್ಟು ಕ್ರಯ ಸಿಗ್ತದೆ ಅಂತ ನಮ್ಮ ಊರಿನ ಕೃಷಿಕರನ್ನು ಕೇಳಿ.

ಪ್ರಶ್ನೆ: ಗಡಿನಾಡಿನ ವಿದ್ಯಾರ್ಥಿಗಳು ಈ ವಿಷಯದಲ್ಲಿ ಯಾವ ಕೆಲಸ ಮಾಡಬಹುದು?

ಎರಡು ದಾರಿ ಹೇಳ್ತೇನೆ. ಮೊದಲನೆಯದು ತೆಂಗು. ಕಾಸರಗೋಡಿನಲ್ಲಿ ತೆಂಗಿನ ಸಂಶೋಧನೆ ಶುರುವಾದದ್ದು 1916ರಲ್ಲಿ. ಇವತ್ತಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ ಅದರ ಮುಂದುವರಿಕೆ. ಅದರ ಕಿದು ತೋಟದಲ್ಲಿ ದಕ್ಷಿಣ ಏಷ್ಯಾದ ಅಂತರರಾಷ್ಟ್ರೀಯ ತೆಂಗು ತಳಿಸಂಗ್ರಹ ಉಂಟು. ದಕ್ಷಿಣ ಪೆಸಿಫಿಕ್‌ನ ಸಂಗ್ರಹ ಇರುವುದು ಪಪುವಾ ನ್ಯೂಗಿನಿಯಲ್ಲಿ. ತೆಂಗು ಬೆಳೆಯುವ ದೇಶಗಳ ಸಮುದಾಯ 1969ರಲ್ಲಿ ಹುಟ್ಟಿತು. ಅದರಲ್ಲಿ ಭಾರತದ ಜೊತೆ ಫಿಜಿ, ಸಮೋವಾ, ಟೊಂಗಾ, ವನುವಾಟು ಇತ್ಯಾದಿ ಸದಸ್ಯರು. ನಮ್ಮ ತೋಟದ ಸುಳಿ ಕೊರೆಯುವ ಕೊಂಬಿನ ಕಪ್ಪು ದುಂಬಿ, ಅದೇ ಕುರುವಾಯಿ, 1909ರಲ್ಲಿ ಸಿಲೋನಿನಿಂದ ಹೋದ ರಬ್ಬರ್ ಗಿಡಗಳ ಜೊತೆ ಸಮೋವಾಕ್ಕೆ ಹೋಗಿ ಅಲ್ಲಿಯ ತೆಂಗನ್ನು ಹಾಳುಮಾಡಿತು. ಈಗ ಸಾಲೊಮನ್ ಮುಂತಾದ ಕಡೆ ಅದರ ಹೊಸ ಬಗೆ ಕಾಟ ಕೊಡ್ತಾ ಉಂಟು. ಒಂದೇ ದುಂಬಿಯ ಜೊತೆ ಹೋರಾಡುವ ಎರಡು ಊರುಗಳ ಅನುಭವವನ್ನು ಜೋಡಿಸಿ ನೋಡಿದರೆ ಅದೂ ರಾಜತಾಂತ್ರಿಕತೆಯ ಅಧ್ಯಯನವೇ.

ಎರಡನೆಯದು ಗಿರ್ಮಿಟ್ ಪಾಸುಗಳು. ಹೋದ ಪ್ರತಿಯೊಬ್ಬರಿಗೂ ಒಂದು ವಲಸೆ ಪಾಸು ಇತ್ತು. ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಜಿಲ್ಲೆ, ಊರು ಎಲ್ಲ ಅದರಲ್ಲಿ ಬರೆದಿರ್ತದೆ. ಆ ದಾಖಲೆಗಳು ಫಿಜಿಯ ರಾಷ್ಟ್ರೀಯ ಪತ್ರಾಗಾರದಲ್ಲಿ ಇವೆ. 1903ರಿಂದ 1916ರವರೆಗೆ ಕಾಸರಗೋಡು ಇದ್ದದ್ದು ದಕ್ಷಿಣ ಕನ್ನಡ ಜಿಲ್ಲೆಯಲ್ಲಿ, ಆದೋನಿ, ರಾಯದುರ್ಗ ಬಳ್ಳಾರಿ ಜಿಲ್ಲೆಯಲ್ಲಿ, ಹೊಸೂರು ಸೇಲಂ ಜಿಲ್ಲೆಯಲ್ಲಿ. ಎಲ್ಲವೂ ಮದರಾಸು ಪ್ರೆಸಿಡೆನ್ಸಿಗೆ ಸೇರಿದ್ದವು, ಹಡಗು ಹೊರಟದ್ದೂ ಮದರಾಸಿನಿಂದಲೇ. ಆ ಪಾಸುಗಳಲ್ಲಿ ನಮ್ಮ ತಾಲೂಕುಗಳ ಹೆಸರನ್ನು ಸಾಲುಸಾಲಾಗಿ ಹುಡುಕುವುದು ಒಬ್ಬ ವಿದ್ಯಾರ್ಥಿಗೆ ಒಳ್ಳೆಯ ಎರಡು ವರ್ಷದ ಕೆಲಸ. ಯಾರಾದರೂ ಕೈಹಾಕುವುದಾದರೆ ನಾನೂ ಜೊತೆಗೆ ಕೂತುಕೊಳ್ತೇನೆ.